ಮರಣ ಮತ್ತು ಶೋಕ: ಬೌದ್ಧ ಹಾಗೂ ಯೆಹೂದ್ಯ ದೃಷ್ಟಿಗಳು

೧. ಪೀಠಿಕೆ

ಮರಣವನ್ನು ಕುರಿತು ವಿಚಾರಮಾಡದ ಧರ್ಮವಿಲ್ಲ. ಹುಟ್ಟಿದವನು ಸಾಯಲೇಬೇಕೆಂಬುದನ್ನು ತಿಳಿಯಲು ಶಾಸ್ತ್ರಗಳನ್ನು ಓದಬೇಕಾಗಿಯೂ ಇಲ್ಲ. ಊರ ಹೊರಗಿನ ಸ್ಮಶಾನದ ಪಕ್ಕದಲ್ಲಿ ದಿನವೂ ದನ ಹೊಡೆದುಕೊಂಡು ಹೋಗುವ ಹುಡುಗನಿಗೂ ಅದು ತಿಳಿದ ಮಾತೇ. ಆದರೆ ಸತ್ತವನ ಹಿಂದೆ ಉಳಿದವರು ಏನು ಮಾಡಬೇಕು? ಅಳಬೇಕೆ, ಅಳಬಾರದೆ? ಅತ್ತರೆ ಎಷ್ಟು ದಿನ? ಸತ್ತವನಿಗಾಗಿ ಬದುಕಿದವನು ಮಾಡಬಹುದಾದುದು ಏನಾದರೂ ಉಂಟೆ? ದುಃಖದಲ್ಲಿರುವ ನೆರೆಯವನ ಮನೆಗೆ ಹೋದಾಗ ಏನು ಮಾತನಾಡಬೇಕು? ಇವು ಸುಲಭವಾದ ಪ್ರಶ್ನೆಗಳಲ್ಲ. ಪಂಡಿತನಿಗೂ ಪಾಮರನಿಗೂ ಒಂದಲ್ಲ ಒಂದು ದಿನ ಇವು ಎದುರಾಗಿಯೇ ತೀರುತ್ತವೆ.

ಈ ಪ್ರಶ್ನೆಗಳಿಗೆ ಎರಡು ಧರ್ಮಗಳು ಕೊಟ್ಟಿರುವ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಲೇಖನದ ಉದ್ದೇಶ. ಒಂದು, ಗಂಗಾ ಬಯಲಿನಲ್ಲಿ ಹುಟ್ಟಿ ಏಷ್ಯಾ ಖಂಡದ ಬಹುಭಾಗವನ್ನು ವ್ಯಾಪಿಸಿದ ಬೌದ್ಧಧರ್ಮ. ಇನ್ನೊಂದು, ಪ್ಯಾಲೆಸ್ಟೈನಿನಲ್ಲಿ ಬೆಳೆದು, ನೆಲೆ ತಪ್ಪಿ ನಾನಾ ದೇಶಗಳಿಗೆ ಚದರಿಹೋದರೂ ತನ್ನ ಆಚಾರಗಳನ್ನು ಬಿಡದೆ ಉಳಿಸಿಕೊಂಡು ಬಂದ ಯೆಹೂದ್ಯಧರ್ಮ. ತತ್ತ್ವದಲ್ಲಿ ಇವೆರಡಕ್ಕೂ ಅಜಗಜಾಂತರ. ಬುದ್ಧನು ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪಲಿಲ್ಲ. ನಿತ್ಯವಾದ ಆತ್ಮವನ್ನೂ ಒಪ್ಪಲಿಲ್ಲ. ಯೆಹೂದ್ಯಧರ್ಮಕ್ಕಾದರೋ ಏಕದೇವನೇ ಆಧಾರಸ್ತಂಭ. ಇಷ್ಟು ದೂರದ ಎರಡು ಮತಗಳು ಸಾವಿನ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲುತ್ತವೆ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಬೌದ್ಧಧರ್ಮವು ಶೋಕದ ಬೇರನ್ನು ಹುಡುಕುತ್ತದೆ; ಯೆಹೂದ್ಯಧರ್ಮವು ಶೋಕಕ್ಕೆ ಅಳತೆಯನ್ನು ಕೊಡುತ್ತದೆ. ನನ್ನ ಓದಿನಿಂದ ಮನಸ್ಸಿಗೆ ತೋರಿದ ಮುಖ್ಯಾಂಶ ಇದು. ಮುಂದಿನದೆಲ್ಲವೂ ಇದರ ವಿವರಣೆಯೆಂದು ವಾಚಕರು ಭಾವಿಸಬಹುದು.

೨. ಬೌದ್ಧ ದೃಷ್ಟಿ

ಕೂಡಿಬಂದ ವಸ್ತುಗಳೆಲ್ಲವೂ ಅಗಲಿಹೋಗತಕ್ಕವು, ಇದೇ ಅನಿತ್ಯತೆ. ಅನಿತ್ಯವಾದುದನ್ನು ನಿತ್ಯವೆಂದು ಹಿಡಿದುಕೊಳ್ಳುವುದರಿಂದಲೇ ದುಃಖ. ಹಿಡಿದುಕೊಳ್ಳುವ ‘ನಾನು’ ಎಂಬುದೂ ಸ್ಥಿರವಾದ ವಸ್ತುವಲ್ಲ, ಇದು ಅನಾತ್ಮವಾದ. ಬುದ್ಧನ ಬೋಧನೆಯ ತಳಹದಿ ಇಷ್ಟು. ಆತ್ಮವಿಲ್ಲದಿದ್ದರೆ ಸತ್ತಮೇಲೆ ಮರುಹುಟ್ಟು ಪಡೆಯುವುದು ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ‘ಮಿಲಿಂದಪಞ್ಹ’ವೆಂಬ ಪಾಲಿ ಗ್ರಂಥದಲ್ಲಿ ಯವನರಾಜನಾದ ಮಿಲಿಂದನು ನಾಗಸೇನ ಭಿಕ್ಷುವನ್ನು ಇಂಥ ಪ್ರಶ್ನೆಗಳನ್ನೇ ಕೇಳುತ್ತಾನೆ. ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚಿದಾಗ ಮೊದಲಿನ ದೀಪವು ಎದ್ದು ಎರಡನೆಯದರೊಳಕ್ಕೆ ಹೋಗುವುದಿಲ್ಲ. ಆದರೂ ಎರಡನೆಯದು ಮೊದಲಿನದರಿಂದಲೇ ಹುಟ್ಟಿತು. ಇದು ನಾಗಸೇನನ ಉತ್ತರ.

ಇದು ತತ್ತ್ವ. ಆದರೆ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ತತ್ತ್ವವನ್ನು ಹೇಳಿದರೆ ಕೇಳುವವರಾರು? ಬುದ್ಧನು ಇದನ್ನು ಚೆನ್ನಾಗಿ ಅರಿತಿದ್ದನು. ಕಿಸಾಗೋತಮಿಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ‘ಸಾವಿಲ್ಲದ ಮನೆಯ ಸಾಸಿವೆ’ ಎಂಬ ಮಾತು ಕನ್ನಡದಲ್ಲಿ ಬಳಕೆಯ ನುಡಿಯೇ ಆಗಿಬಿಟ್ಟಿದೆ. ಕಥೆ ಇಷ್ಟು ಪರಿಚಿತವಾದುದರಿಂದಲೇ ಅದರಲ್ಲಿನ ಒಂದು ಅಂಶ ನಮ್ಮ ಗಮನದಿಂದ ಜಾರಿಹೋಗುತ್ತದೆ. ಶ್ರಾವಸ್ತಿಯ ಆ ಬಡ ಹೆಣ್ಣು ಸತ್ತ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಔಷಧ ಬೇಡುತ್ತ ಬಂದಾಗ ಬುದ್ಧನು ‘ನಿನ್ನ ಮಗು ಸತ್ತಿದೆ’ ಎಂದು ಹೇಳಲಿಲ್ಲ; ‘ಅಳಬೇಡ’ ಎಂದೂ ಹೇಳಲಿಲ್ಲ. ಯಾರೂ ಸಾಯದ ಮನೆಯಿಂದ ಒಂದು ಚಿಟಿಕೆ ಸಾಸಿವೆ ತರುವಂತೆ ಕಳುಹಿಸಿದನು. ಆಕೆ ಬಾಗಿಲಿಂದ ಬಾಗಿಲಿಗೆ ಹೋದಳು. ಸಾಸಿವೆ ಎಲ್ಲ ಮನೆಗಳಲ್ಲಿಯೂ ಇತ್ತು. ಸಾವೂ ಎಲ್ಲ ಮನೆಗಳಲ್ಲಿಯೂ ಇತ್ತು. ಆಕೆಗೆ ತಿಳಿವಳಿಕೆ ಬಂದದ್ದು ಬುದ್ಧನ ಉಪದೇಶದಿಂದಲ್ಲ, ಊರಿನ ಹೆಂಗಸರು ತಮ್ಮ ತಮ್ಮ ಮನೆಯ ಸಾವನ್ನು ಹೇಳಿಕೊಂಡ ಮಾತಿನಿಂದ. ಮಗುವನ್ನು ಸ್ಮಶಾನದಲ್ಲಿ ಬಿಟ್ಟು ಬಂದ ಮೇಲೆಯೇ ಉಪದೇಶ. ಮುಂದೆ ಆಕೆ ಭಿಕ್ಷುಣಿಯಾಗಿ ಅರ್ಹಂತ ಪದವಿಗೇರಿದಳು. ಆಕೆಯದೆಂದು ಹೇಳುವ ಗಾಥೆಗಳು ‘ಥೇರೀಗಾಥೆ’ಯಲ್ಲಿವೆ.

ಅಂಗುತ್ತರನಿಕಾಯದಲ್ಲಿ ಮುಂಡನೆಂಬ ರಾಜನ ವೃತ್ತಾಂತವಿದೆ. ಪಾಟಲಿಪುತ್ರದ ಈ ಅರಸನು ತನ್ನ ರಾಣಿ ಭದ್ದಾ ತೀರಿಕೊಂಡಾಗ ಊಟ, ಸ್ನಾನ, ರಾಜಕಾರ್ಯ ಎಲ್ಲವನ್ನೂ ಬಿಟ್ಟು, ಆಕೆಯ ದೇಹವನ್ನು ಎಣ್ಣೆ ತುಂಬಿದ ಕಬ್ಬಿಣದ ತೊಟ್ಟಿಯಲ್ಲಿರಿಸಿ ಕಾಪಾಡುವಂತೆ ಆಜ್ಞಾಪಿಸಿದನು. ಆಗ ರಾಜನು ನಾರದನೆಂಬ ಭಿಕ್ಷುವಿನ ಬಳಿಗೆ ಹೋದನು; ಆ ಭಿಕ್ಷುವು, ಮುಪ್ಪು, ರೋಗ, ಮರಣ, ಕ್ಷಯ, ನಾಶಗಳು ಬಾರದಿರಲೆಂದು ಯಾರು ಬಯಸಿದರೂ ಅದು ಲಭಿಸತಕ್ಕದ್ದಲ್ಲವೆಂದು ತಿಳಿಸಿದನು. ಶೋಕವು ಎದೆಯಲ್ಲಿ ನಾಟಿಕೊಂಡ ಬಾಣ. ಅದನ್ನು ಕಿತ್ತುಹಾಕುವ ಬಗೆ ಇದು ಎಂಬುದು ಆ ಉಪದೇಶದ ತಿರುಳು. ರಾಜನು ರಾಣಿಯ ದೇಹವನ್ನು ದಹನಮಾಡಿಸಿ ಸ್ತೂಪವನ್ನು ಕಟ್ಟಿಸಿದನು.

ಈ ಬೋಧನೆ ಎಲ್ಲರಿಗೂ ರುಚಿಸಿತೆಂದು ಬೌದ್ಧ ಗ್ರಂಥಗಳು ಹೇಳಿಕೊಳ್ಳುವುದಿಲ್ಲ. ಇದು ಅವುಗಳ ಪ್ರಾಮಾಣಿಕತೆಗೆ ಸಾಕ್ಷಿ. ಮಜ್ಝಿಮನಿಕಾಯದ ಪಿಯಜಾತಿಕ ಸುತ್ತದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ಗೃಹಸ್ಥನೊಬ್ಬನು ದಿನವೂ ಸ್ಮಶಾನಕ್ಕೆ ಹೋಗಿ ಮಗನನ್ನು ಕರೆಯುತ್ತ ಅಳುತ್ತಿರುತ್ತಾನೆ. ಪ್ರೀತಿಸಿದ ವಸ್ತುವಿನಿಂದಲೇ ದುಃಖವು ಹುಟ್ಟುವುದೆಂದು ಬುದ್ಧನು ಹೇಳಿದಾಗ ಅವನು ಒಪ್ಪುವುದಿಲ್ಲ. ಪ್ರೀತಿಯಿಂದ ಹುಟ್ಟುವುದು ಆನಂದವಲ್ಲವೆ ಎಂದು ಅಸಮಾಧಾನದಿಂದ ಎದ್ದುಹೋಗುತ್ತಾನೆ. ಆ ಗೃಹಸ್ಥನ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು. ದುಃಖ ಬರುವುದೆಂದು ಪ್ರೀತಿಯನ್ನೇ ಬಿಡಬೇಕೆ?

ಇದಕ್ಕೆ ಉತ್ತರವು ಬುದ್ಧನ ಜೀವನದ ಕೊನೆಯ ದಿನಗಳಲ್ಲಿ ದೊರೆಯುತ್ತದೆ. ಕುಶಿನಾರದಲ್ಲಿ ಅವಳಿ ಸಾಲವೃಕ್ಷಗಳ ನಡುವೆ ಬುದ್ಧನು ಮಲಗಿದ್ದಾಗ, ಇಪ್ಪತ್ತೈದು ವರ್ಷ ಸೇವೆಮಾಡಿದ್ದ ಆನಂದನು ಮರೆಗೆ ಹೋಗಿ ಬಾಗಿಲಿಗೊರಗಿ ಅಳುತ್ತಿದ್ದನು. ಬುದ್ಧನು ಅವನನ್ನು ಕರೆಯಿಸಿ, ಅಗಲಿಕೆ ಅನಿವಾರ್ಯವೆಂದು ಹೇಳಿದ್ದಲ್ಲದೆ, ಇಷ್ಟು ಕಾಲ ಅವನು ತೋರಿದ ಪ್ರೀತಿಯನ್ನು ಎಲ್ಲರೆದುರು ಕೊಂಡಾಡಿದನು. ಅದಕ್ಕೂ ಮೊದಲು ಸಾರಿಪುತ್ತ, ಮೊಗ್ಗಲ್ಲಾನರು ತೀರಿಕೊಂಡಾಗ, ಭಿಕ್ಷುಗಳ ಸಭೆಯನ್ನು ನೋಡಿ, ಅವರಿಲ್ಲದೆ ಇದು ತನಗೆ ಬರಿದಾದಂತೆ ತೋರುತ್ತಿದೆಯೆಂದು ಬುದ್ಧನು ನುಡಿದುದಾಗಿ ಸಂಯುತ್ತನಿಕಾಯವು ತಿಳಿಸುತ್ತದೆ. ತಥಾಗತನಿಗೆ ಶೋಕವಿಲ್ಲವೆಂಬ ಮಾತೂ ಅಲ್ಲಿಯೇ ಬರುತ್ತದೆ. ಬರಿದಾದುದನ್ನು ಬರಿದಾಗಿದೆಯೆಂದು ಕಾಣುವುದು, ಆದರೆ ಅದರಲ್ಲಿ ಮುಳುಗದಿರುವುದು. ಬೌದ್ಧರ ಆದರ್ಶ ಇದು. ಅದು ಕಲ್ಲೆದೆಯಲ್ಲ.

ಬೌದ್ಧ ದೇಶಗಳ ಆಚರಣೆಯು ಸಾಮಾನ್ಯರ ಹೃದಯವನ್ನು ಮರೆತಿಲ್ಲ. ಸಿಂಹಳದಲ್ಲಿ ಶವಸಂಸ್ಕಾರದ ವೇಳೆ ಭಿಕ್ಷುಗಳಿಗೆ ಬಿಳಿಯ ಬಟ್ಟೆಯನ್ನು ದಾನಕೊಡುತ್ತಾರೆ. ಬಂಧುಗಳೆಲ್ಲರೂ ಒಂದೇ ಪಾತ್ರೆಯನ್ನು ಕೈಕೂಡಿಸಿ ಹಿಡಿದು, ಕೆಳಗಿನ ಬಟ್ಟಲು ತುಂಬಿ ಹರಿಯುವವರೆಗೆ ನೀರು ಸುರಿಯುತ್ತಾರೆ. ದಾನದ ಪುಣ್ಯವು ಹೀಗೆಯೇ ಹರಿದು ಸತ್ತವರನ್ನು ಮುಟ್ಟಲೆಂಬುದು ಭಾವನೆ. ಏಳನೆಯ ದಿನ, ಮೂರನೆಯ ತಿಂಗಳು, ವರ್ಷಾಂತ್ಯಗಳಲ್ಲಿ ಮತ್ತೆ ದಾನವುಂಟು. ‘ತಿರೋಕುಡ್ಡ’ವೆಂಬ ಪ್ರಾಚೀನ ಸುತ್ತದಲ್ಲಿ ಸತ್ತವರು ತಮ್ಮ ಹಳೆಯ ಮನೆಗಳ ಗೋಡೆಯಾಚೆ ಬಂದು ನಿಲ್ಲುವ ಚಿತ್ರವಿದೆ. ಉಳಿದವರ ಅಳುವಿನಿಂದ ಅವರಿಗೆ ಪ್ರಯೋಜನವಿಲ್ಲ, ಕೊಟ್ಟ ದಾನದಿಂದ ಪ್ರಯೋಜನವುಂಟು ಎಂಬುದು ಅದರ ಬೋಧೆ. ಟಿಬೆಟಿನ ಬೌದ್ಧರಲ್ಲಿ ಸಾವಿಗೂ ಮರುಹುಟ್ಟಿಗೂ ನಡುವೆ ನಲವತ್ತೊಂಬತ್ತು ದಿನಗಳವರೆಗಿನ ಒಂದು ಅವಸ್ಥೆಯನ್ನು ಹೇಳುತ್ತಾರೆ. ಅಷ್ಟು ದಿನ ವಾರವಾರವೂ ಪ್ರಾರ್ಥನೆ ನಡೆಯುತ್ತದೆ. ೧೯೬೦ರ ದಶಕದಲ್ಲಿ ನಮ್ಮ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಯೂರಿದ ಟಿಬೆಟಿನವರು ಈ ಸಂಪ್ರದಾಯವನ್ನು ಕನ್ನಡ ನಾಡಿಗೂ ತಂದಿದ್ದಾರೆ.

೩. ಯೆಹೂದ್ಯ ದೃಷ್ಟಿ

ಯೆಹೂದ್ಯರ ನಂಬಿಕೆಯಲ್ಲಿ ಪ್ರಾಣವು ದೇವರು ಕೊಟ್ಟದ್ದು, ಕೊಟ್ಟವನೇ ತೆಗೆದುಕೊಳ್ಳುತ್ತಾನೆ. ಇದನ್ನು ಮನಸ್ಸಿಗೆ ನಾಟುವಂತೆ ಹೇಳುವ ಒಂದು ಹಳೆಯ ಕಥೆ ಅವರಲ್ಲಿದೆ. ರಬ್ಬಿ ಮೇಯಿರನ ಇಬ್ಬರು ಮಕ್ಕಳು ಸಬ್ಬತ್ ದಿನ ತೀರಿಕೊಂಡರು. ಪವಿತ್ರ ದಿನವು ಕಳೆಯುವವರೆಗೆ ತಾಯಿ ಅವರ ಮೇಲೆ ಬಟ್ಟೆ ಹೊದಿಸಿ ಗಂಡನಿಗೆ ಹೇಳದೆ ಇದ್ದಳು. ರಾತ್ರಿ ಅವನ ಊಟವಾದ ಮೇಲೆ, ‘ಒಬ್ಬರು ನನ್ನಲ್ಲಿ ಒಂದು ಒಡವೆಯನ್ನು ಇಟ್ಟುಹೋಗಿದ್ದರು, ಈಗ ಬಂದು ಕೇಳುತ್ತಿದ್ದಾರೆ, ಕೊಡಬೇಕೆ?’ ಎಂದು ಕೇಳಿದಳು. ಕೊಡಲೇಬೇಕಲ್ಲವೆ ಎಂದನು ಅವನು. ಆಗ ಅವನ ಕೈಹಿಡಿದು ಮಕ್ಕಳಿದ್ದ ಕೋಣೆಗೆ ಕರೆದೊಯ್ದಳು. ಕಿಸಾಗೋತಮಿಯ ಕಥೆಯ ಜೊತೆಗೆ ಇದನ್ನು ಓದಿದರೆ ಎರಡು ಧರ್ಮಗಳ ಸ್ವರೂಪವೂ ತಿಳಿದುಬರುತ್ತದೆ. ಅಲ್ಲಿ ಸಮಾಧಾನಕ್ಕೆ ಆಧಾರ ಲೋಕದ ನಿಯಮ; ಇಲ್ಲಿ ಆಧಾರ ಕೊಟ್ಟವನ ಹಕ್ಕು.

ಆದರೆ ಯೆಹೂದ್ಯಧರ್ಮದ ಹೆಚ್ಚಳವಿರುವುದು ಕಥೆಯಲ್ಲಿ ಅಲ್ಲ, ವಿಧಿಯಲ್ಲಿ. ಸಾವಿನ ಕ್ಷಣದಿಂದ ವರ್ಷಾಂತ್ಯದವರೆಗೆ ಶೋಕವನ್ನು ಮೆಟ್ಟಿಲು ಮೆಟ್ಟಿಲಾಗಿ ವಿಭಾಗಿಸಿದ್ದಾರೆ. ಸಾವಿನಿಂದ ಹೂಳುವವರೆಗಿನದು ಮೊದಲ ಹಂತ. ಆಗ ಹತ್ತಿರದ ಬಂಧುವು ನಿತ್ಯದ ಪ್ರಾರ್ಥನೆಯನ್ನು ಸಹ ಮಾಡಬೇಕಾಗಿಲ್ಲ. ಸತ್ತವರ ಕೆಲಸವೇ ಅವನಿಗೆ ಮುಖ್ಯ. ಅವನು ತನ್ನ ಮೇಲಂಗಿಯನ್ನು ಎದೆಯ ಬಳಿ ಹರಿದುಕೊಳ್ಳುತ್ತಾನೆ. ಮೈಯನ್ನು ಕೊಯ್ದುಕೊಳ್ಳುವುದನ್ನು ಧರ್ಮೋಪದೇಶಕಾಂಡವು ನಿಷೇಧಿಸಿದೆ. ಬಟ್ಟೆ ಹರಿಯಬಹುದು, ಮೈ ಹರಿಯಬಾರದು. ಶವವನ್ನು ಆದಷ್ಟು ಬೇಗನೆ ಹೂಳುತ್ತಾರೆ. ಶವಕ್ಕೆ ಸ್ನಾನಮಾಡಿಸಿ ಬಟ್ಟೆ ತೊಡಿಸಲು ಊರೂರಿನಲ್ಲಿಯೂ ‘ಖೆವ್ರಾ ಕದಿಶಾ’ ಎಂಬ ಸೇವಾಸಂಘವಿರುತ್ತದೆ. ಈ ಸೇವೆಯನ್ನು ‘ನಿಜವಾದ ದಯೆ’ ಎಂದು ಕರೆಯುತ್ತಾರೆ. ಬದುಕಿದವನಿಗೆ ಉಪಕಾರಮಾಡಿದರೆ ಎಂದಾದರೂ ಅವನು ತಿರುಗಿ ಮಾಡಿಯಾನು ಎಂಬ ಆಸೆ ಇರಬಹುದು. ಸತ್ತವನಿಂದ ಏನನ್ನೂ ನಿರೀಕ್ಷಿಸುವಂತಿಲ್ಲ.

ಸತ್ತವನು ಧನಿಕನಾಗಲಿ ಬಡವನಾಗಲಿ, ತೊಡಿಸುವುದು ಸಾದಾ ಬಿಳಿಯ ಬಟ್ಟೆ. ಅದಕ್ಕೆ ಜೇಬು ಇರುವುದಿಲ್ಲ. ಈ ಪದ್ಧತಿಯ ಹಿಂದೆ ತಾಲ್ಮೂದಿನಲ್ಲಿ ಬರುವ ಒಂದು ಪ್ರಸಂಗವಿದೆ. ಒಂದು ಕಾಲದಲ್ಲಿ ಶವಸಂಸ್ಕಾರದ ವೆಚ್ಚವು ಸಾವಿಗಿಂತ ಹೆಚ್ಚು ಭಾರವಾಗಿತ್ತಂತೆ. ಬಂಧುಗಳು ಶವವನ್ನು ಬಿಟ್ಟು ಓಡಿಹೋಗುವುದೂ ಇತ್ತಂತೆ. ಆಗ ಜನನಾಯಕನೂ ಮಾನ್ಯನೂ ಆಗಿದ್ದ ರಬ್ಬಾನ್ ಗಮ್ಲಿಯೇಲನು ತನ್ನನ್ನು ಸಾದಾ ನಾರುಬಟ್ಟೆಯಲ್ಲಿಯೇ ಹೂಳಬೇಕೆಂದು ಏರ್ಪಡಿಸಿದನು. ಅವನೇ ಹಾಗೆ ಹೋದ ಮೇಲೆ ಬೇರೆಯವರಿಗೆ ನಾಚಿಕೆಯೆಲ್ಲಿ? ಅಂದಿನಿಂದ ಎಲ್ಲರೂ ಹಾಗೆಯೇ ನಡೆದರು. ಶೋಕದ ಮನೆಗೆ ಊಟ ಒಯ್ಯುವಾಗ ಧನಿಕರು ಬೆಳ್ಳಿ ಬಂಗಾರದ ತಟ್ಟೆಗಳಲ್ಲಿಯೂ ಬಡವರು ಬೆತ್ತದಂಥ ಕಡ್ಡಿಯ ಬುಟ್ಟಿಗಳಲ್ಲಿಯೂ ಒಯ್ಯುತ್ತಿದ್ದರು, ಬಡವರಿಗೆ ಅವಮಾನವಾಗುತ್ತಿತ್ತು. ಆದ್ದರಿಂದ ಎಲ್ಲರೂ ಬುಟ್ಟಿಯಲ್ಲಿಯೇ ಒಯ್ಯಬೇಕೆಂದು ನಿಯಮವಾಯಿತು. ಸಾವಿನ ಮನೆಯಲ್ಲಿ ಸಮಾನತೆಯನ್ನು ಕಾನೂನಿನಿಂದ ತಂದ ಈ ಪ್ರಸಂಗವು ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠವಾಗಿದೆ.

ಹೂಳಿದ ಮೇಲೆ ಏಳು ದಿನ ‘ಶಿವಾ’. ಹೀಬ್ರೂ ಭಾಷೆಯಲ್ಲಿ ಈ ಶಬ್ದಕ್ಕೆ ಏಳು ಎಂದಷ್ಟೇ ಅರ್ಥ. ನಮ್ಮ ಶಿವನಿಗೂ ಇದಕ್ಕೂ ಸಂಬಂಧವಿಲ್ಲ. ತಂದೆ, ತಾಯಿ, ಮಗ, ಮಗಳು, ಅಣ್ಣ ತಮ್ಮ, ಅಕ್ಕ ತಂಗಿ, ಪತಿ ಅಥವಾ ಪತ್ನಿ, ಇವರಲ್ಲಿ ಯಾರನ್ನು ಕಳೆದುಕೊಂಡವರೂ ಮನೆಯಲ್ಲಿ ತಗ್ಗಾದ ಪೀಠದ ಮೇಲೆ ಕುಳಿತಿರುತ್ತಾರೆ. ಚರ್ಮದ ಪಾದರಕ್ಷೆ ಇಲ್ಲ, ಕ್ಷೌರವಿಲ್ಲ, ಉದ್ಯೋಗವಿಲ್ಲ. ಮನೆಯ ಕನ್ನಡಿಗಳಿಗೆ ಬಟ್ಟೆ ಮುಚ್ಚುವುದು ಅನೇಕ ಕಡೆ ರೂಢಿ. ಸ್ಮಶಾನದಿಂದ ಬಂದ ಮೇಲಿನ ಮೊದಲ ಊಟವನ್ನು ನೆರೆಯವರೇ ತರಬೇಕು. ಅದರಲ್ಲಿ ದುಂಡಗಿನ ಮೊಟ್ಟೆ, ಬೇಳೆಕಾಳುಗಳಿರುತ್ತವೆ. ಬಾಳು ಚಕ್ರದಂತೆ ಸುತ್ತುವುದೆಂಬುದಕ್ಕೆ ಅದು ಸಂಕೇತ. ಬಂದವರು ತಾವಾಗಿ ಮಾತು ತೆಗೆಯಬಾರದು; ದುಃಖದಲ್ಲಿರುವವನು ಮಾತನಾಡಿದ ಮೇಲೆಯೇ ಮಾತು. ಇದಕ್ಕೆ ಆಧಾರ ಯೋಬನ ಗ್ರಂಥ. ಮಕ್ಕಳನ್ನೂ ಸರ್ವಸ್ವವನ್ನೂ ಕಳೆದುಕೊಂಡ ಯೋಬನ ಬಳಿಗೆ ಬಂದ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಅವರು ಬಾಯಿಬಿಟ್ಟು ಉಪದೇಶ ಹೇಳತೊಡಗಿದ ಮೇಲೆಯೇ ಅವನ ಸಂಕಟ ಹೆಚ್ಚಿತೆಂಬುದನ್ನು ಆ ಗ್ರಂಥವನ್ನು ಓದಿದವರು ಬಲ್ಲರು.

ಏಳು ದಿನವಾದ ಮೇಲೆ ಶೋಕದಲ್ಲಿದ್ದವರು ಎದ್ದು ಮನೆಯಿಂದ ಹೊರಬಂದು ಬೀದಿಯಲ್ಲಿ ಒಂದು ಸುತ್ತು ನಡೆಯುವ ರೂಢಿಯುಂಟು. ಮೂವತ್ತನೆಯ ದಿನಕ್ಕೆ ಮತ್ತಷ್ಟು ನಿರ್ಬಂಧಗಳು ಸಡಿಲವಾಗುತ್ತವೆ. ತಂದೆ ತಾಯಿಗಳಿಗೆ ಮಾತ್ರ ಹನ್ನೆರಡು ತಿಂಗಳ ಶೋಕ. ಆ ಅವಧಿಯಲ್ಲಿ ಹನ್ನೊಂದು ತಿಂಗಳು ‘ಕದ್ದೀಶ್’ ಎಂಬ ಪ್ರಾರ್ಥನೆಯನ್ನು ಹೇಳಬೇಕು. ಹೆಚ್ಚಿನ ಭಾಗ ಅರಮೀಯ ಭಾಷೆಯಲ್ಲಿರುವ ಈ ಪ್ರಾರ್ಥನೆಯಲ್ಲಿ ಮರಣದ ಹೆಸರೇ ಬರುವುದಿಲ್ಲ. ಇರುವುದೆಲ್ಲ ದೇವರ ಸ್ತುತಿ. ಇದನ್ನು ಒಬ್ಬನೇ ಹೇಳುವಂತಿಲ್ಲ, ಹತ್ತು ಮಂದಿ ಕೂಡಿರಬೇಕು. ಆದ್ದರಿಂದ ದುಃಖಿಯು ಇಷ್ಟವಿರಲಿ ಇಲ್ಲದಿರಲಿ ಜನರ ನಡುವೆ ಬರಲೇಬೇಕಾಗುತ್ತದೆ. ಹನ್ನೊಂದೇ ತಿಂಗಳು ಏಕೆ? ಪಾಪಿಗಳಿಗೆ ಹನ್ನೆರಡು ತಿಂಗಳ ದಂಡನೆಯೆಂದು ಹಳೆಯ ನಂಬಿಕೆ. ಪೂರ್ತಿ ಹನ್ನೆರಡು ತಿಂಗಳು ಹೇಳಿದರೆ ತನ್ನ ತಂದೆ ತಾಯಿಯನ್ನು ಪಾಪಿಗಳೆಂದು ಮಕ್ಕಳೇ ಒಪ್ಪಿದಂತಾಗುವುದಲ್ಲವೆ?

ಸಂಪ್ರದಾಯದಲ್ಲಿ ಕದ್ದೀಶ್ ಹೇಳುವುದು ಗಂಡುಮಕ್ಕಳ ಕೆಲಸ. ಹದಾಸ್ಸಾ ಎಂಬ ಮಹಿಳಾ ಸಂಸ್ಥೆಯನ್ನು ೧೯೧೨ರಲ್ಲಿ ಅಮೆರಿಕದಲ್ಲಿ ಕಟ್ಟಿದ ಹೆನ್ರಿಯೆಟಾ ಸೋಲ್ಡ್ ಅವರ ತಾಯಿ ೧೯೧೬ರಲ್ಲಿ ತೀರಿಕೊಂಡಾಗ, ಮನೆಯಲ್ಲಿ ಗಂಡುಮಕ್ಕಳಿಲ್ಲವೆಂದು ಕುಟುಂಬದ ಮಿತ್ರರೊಬ್ಬರು ತಾವೇ ಕದ್ದೀಶ್ ಹೇಳುವುದಾಗಿ ಮುಂದೆ ಬಂದರು. ಆಕೆ ಕೃತಜ್ಞತೆಯಿಂದಲೇ, ಆದರೆ ದೃಢವಾಗಿ, ಬೇಡವೆಂದು ಪತ್ರ ಬರೆದರು. ಆ ಕರ್ತವ್ಯವನ್ನು ಮಗಳಾಗಿ ತಾವೇ ಮಾಡಬಯಸಿದರು. ಹೆಣ್ಣುಮಕ್ಕಳು ಚಿತೆಗೆ ಕೊಳ್ಳಿಯಿಡಬಹುದೆ ಎಂಬ ಚರ್ಚೆ ನಡೆಯುವ ನಮ್ಮ ದೇಶದಲ್ಲಿ ಈ ಪತ್ರವನ್ನು ನೆನೆಯುವುದು ಉಚಿತ.

ಇಷ್ಟು ವಿಧಿಗಳಿದ್ದರೂ ಶೋಕವು ಎಲ್ಲೆ ಮೀರಬಾರದೆಂಬುದು ಯೆಹೂದ್ಯರ ಖಚಿತವಾದ ಅಭಿಪ್ರಾಯ. ಅಳುವುದಕ್ಕೆ ಮೂರು ದಿನ, ಪ್ರಲಾಪಕ್ಕೆ ಏಳು, ಕ್ಷೌರಾದಿಗಳನ್ನು ಬಿಡುವುದಕ್ಕೆ ಮೂವತ್ತು; ಅದಕ್ಕೂ ಮೀರಿ ಅಳುವವನಿಗೆ, ಸತ್ತವನ ಮೇಲೆ ನಿನಗೆ ನನಗಿಂತಲೂ ಹೆಚ್ಚು ಕರುಣೆಯೆ ಎಂದು ದೇವರೇ ಕೇಳುತ್ತಾನಂತೆ. ಹನ್ನೆರಡನೆಯ ಶತಮಾನದ ಮಹಾಪಂಡಿತ ಮೈಮೋನಿಡೀಸನು (೧೧೩೮–೧೨೦೪) ತನ್ನ ಧರ್ಮಶಾಸ್ತ್ರದಲ್ಲಿ ಎರಡನ್ನೂ ತೂಗಿ ಹೇಳಿದ್ದಾನೆ: ವಿಧಿಯಂತೆ ಶೋಕಿಸದವನು ಕ್ರೂರಿ, ಮಿತಿಮೀರಿ ಶೋಕಿಸುವವನು ಅವಿವೇಕಿ, ಏಕೆಂದರೆ ಮರಣವು ಲೋಕದ ರೀತಿ.

ಹೀಗೆ ಬರೆದವನ ಬಾಳಿನಲ್ಲಿಯೇ ಪರೀಕ್ಷೆ ಬಂದಿತು. ಅವನ ತಮ್ಮ ದಾವೀದನು ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ಸತ್ತನು. ಮೈಮೋನಿಡೀಸನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಎಂಟು ವರ್ಷಗಳ ಮೇಲೆ ಬರೆದ ಪತ್ರದಲ್ಲಿಯೂ ತನಗೆ ಇನ್ನೂ ಸಮಾಧಾನವಾಗಿಲ್ಲವೆಂದು ತೋಡಿಕೊಂಡಿದ್ದಾನೆ. ಆ ಕಾಲದಲ್ಲಿ ಈಜಿಪ್ಟ್, ಏಡನ್‌ಗಳಿಂದ ನಮ್ಮ ಪಶ್ಚಿಮ ತೀರಕ್ಕೆ ಯೆಹೂದ್ಯ ವರ್ತಕರು ಬಂದುಹೋಗುತ್ತಿದ್ದರು. ಅಬ್ರಹಾಂ ಬೆನ್ ಯಿಜು ಎಂಬುವನು ನಮ್ಮ ಮಂಗಳೂರಿನಲ್ಲಿಯೇ ಹಲವು ವರ್ಷ ನೆಲಸಿದ್ದನು. ಆ ಕಡಲದಾರಿಯ ಸಂಪತ್ತಿನ ಮಾತನ್ನು ಚರಿತ್ರೆಯಲ್ಲಿ ಓದುವ ನಾವು, ಅದರಲ್ಲಿ ಮುಳುಗಿದವರಿಗಾಗಿ ಅತ್ತವರನ್ನೂ ಒಮ್ಮೆ ನೆನೆಯಬೇಕು. ನಿಯಮವನ್ನು ಬರೆಯುವುದು ಬೇರೆ, ತಮ್ಮನನ್ನು ಕಳೆದುಕೊಳ್ಳುವುದು ಬೇರೆ. ಇದರಿಂದ ಮೈಮೋನಿಡೀಸನ ನಿಯಮ ಸುಳ್ಳಾಗಲಿಲ್ಲ. ಅದು ಎಷ್ಟು ಕಷ್ಟದ್ದೆಂಬುದು ಮಾತ್ರ ತಿಳಿಯಿತು.

೪. ಹೋಲಿಕೆ ಮತ್ತು ಭೇದ

ಮೊದಲನೆಯ ಭೇದ ಶವವನ್ನು ಕುರಿತದ್ದು. ಯೆಹೂದ್ಯ ಶಾಸ್ತ್ರದಲ್ಲಿ ಶವಸ್ಪರ್ಶದಿಂದ ಅಶೌಚವುಂಟು. ಪುರೋಹಿತ ವಂಶದವರು ಅತಿ ಹತ್ತಿರದ ಬಂಧುಗಳ ಹೊರತು ಬೇರೆಯವರ ಶವದ ಬಳಿಗೆ ಹೋಗಕೂಡದು. ಸ್ಮಶಾನದಿಂದ ಬಂದವರು ಕೈತೊಳೆಯುತ್ತಾರೆ. ಬೌದ್ಧ ಭಿಕ್ಷುವಾದರೋ ಸ್ಮಶಾನಕ್ಕೆ ಹೋಗಿ ಕುಳಿತು, ಕೊಳೆಯುತ್ತಿರುವ ದೇಹದ ಒಂಬತ್ತು ಅವಸ್ಥೆಗಳನ್ನು ನೋಡಿ, ತನ್ನ ದೇಹವೂ ಇಂಥದೇ ಎಂದು ಧ್ಯಾನಿಸಬೇಕೆಂದು ಸತಿಪಟ್ಠಾನ ಸುತ್ತವು ವಿಧಿಸುತ್ತದೆ. ಹಳೆಯ ಭಿಕ್ಷುಗಳು ಹೆಣದ ಮೇಲಿನ ಬಟ್ಟೆಯನ್ನು ತಂದು ಹೊಲಿದು ಚೀವರ ಮಾಡಿಕೊಳ್ಳುತ್ತಿದ್ದರು. ಒಬ್ಬರ ಪುರೋಹಿತನು ಸಾವಿನಿಂದ ದೂರ ನಿಂತು ಜೀವದ ಪಾವಿತ್ರ್ಯವನ್ನು ಕಾಯುತ್ತಾನೆ. ಇನ್ನೊಬ್ಬರ ಸನ್ಯಾಸಿ ಸಾವನ್ನೇ ಗುರುವಾಗಿ ಮಾಡಿಕೊಳ್ಳುತ್ತಾನೆ.

ಎರಡನೆಯದು ಶೋಕದ ಬೆಲೆಯನ್ನು ಕುರಿತದ್ದು. ಬೌದ್ಧರಿಗೆ ಶೋಕವು ವಾಸಿಮಾಡಬೇಕಾದ ಗಾಯ. ಯೆಹೂದ್ಯರಿಗೆ ಅದು ಸತ್ತವರಿಗೆ ಸಲ್ಲಿಸಬೇಕಾದ ಋಣ. ಸಲ್ಲಿಸದೆ ಬಿಡುವುದು ತಪ್ಪು, ಸಲ್ಲಿಸಿದ ಮೇಲೂ ಕೊಡುತ್ತಲೇ ಇರುವುದು ತಪ್ಪು. ಸತ್ತವನ ವಿಷಯದಲ್ಲಿಯೂ ಹೀಗೆಯೇ: ಬೌದ್ಧ ಪ್ರಾರ್ಥನೆಯು ಅವನು ಮುಂದಕ್ಕೆ ಸಾಗಲೆಂದು ಹಿಡಿತವನ್ನು ಸಡಿಲಿಸುತ್ತದೆ, ಯೆಹೂದ್ಯರು ವರ್ಷವರ್ಷವೂ ಆ ದಿನ ದೀಪ ಹಚ್ಚಿ, ಸಮಾಧಿಯ ಮೇಲೆ ಒಂದು ಕಲ್ಲನ್ನಿಟ್ಟು, ಹೆಸರನ್ನು ಉಳಿಸಿಕೊಳ್ಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಟ್ಸಿಗಳು ಸುಮಾರು ೬೦ ಲಕ್ಷ ಯೆಹೂದ್ಯರನ್ನು ಕೊಂದರು. ಸಮಾಧಿಯಿಲ್ಲ, ಸತ್ತ ದಿನವೂ ತಿಳಿಯದು. ಅಂಥವರಿಗಾಗಿ ಕದ್ದೀಶ್ ಹೇಳಲು ಇಸ್ರೇಲಿನ ಮುಖ್ಯ ರಬ್ಬಿಗಳ ಮಂಡಳಿಯು ತೇವೇತ್ ತಿಂಗಳ ಹತ್ತನೆಯ ದಿನವನ್ನು ಗೊತ್ತುಮಾಡಿತು. ೧೯೫೩ರಲ್ಲಿ ಸ್ಥಾಪಿತವಾದ ಯಾದ್ ವಾಶೇಮ್ ಸಂಸ್ಥೆಯು ಸತ್ತವರ ಹೆಸರುಗಳನ್ನು ಒಂದೊಂದಾಗಿ ಸಂಗ್ರಹಿಸುತ್ತ ಬಂದಿದೆ. ಹೆಸರನ್ನೇ ಅಳಿಸಲು ಹೊರಟವರಿಗೆ ಹೆಸರನ್ನು ಉಳಿಸುವುದೇ ಉತ್ತರ. ಇಂಥ ಸಂದರ್ಭದಲ್ಲಿ ಮರೆವನ್ನು ಬೋಧಿಸುವ ಹಕ್ಕು ಯಾರಿಗೂ ಇಲ್ಲವೆಂದು ನನ್ನ ಭಾವನೆ. ಬೌದ್ಧಧರ್ಮವೂ ಮರೆಯಲು ಹೇಳುವುದಿಲ್ಲ, ಅಂಟಿಕೊಳ್ಳದಿರಲು ಹೇಳುತ್ತದೆ. ಈ ಸೂಕ್ಷ್ಮವನ್ನು ಬಿಟ್ಟರೆ ಬುದ್ಧನಿಗೆ ಅನ್ಯಾಯಮಾಡಿದಂತಾಗುವುದು.

ಇನ್ನು ಸಾಮ್ಯ. ಸತ್ತವನಿಗಾಗಿ ಬದುಕಿದವನು ಮಾಡಿದ ಒಳ್ಳೆಯ ಕೆಲಸವು ವ್ಯರ್ಥವಲ್ಲವೆಂದು ಎರಡೂ ಧರ್ಮಗಳು ನಂಬುತ್ತವೆ. ಅಲ್ಲಿ ದಾನ, ಇಲ್ಲಿ ಕದ್ದೀಶ್. ಇದಕ್ಕಿಂತಲೂ ಆಳವಾದ ಸಾಮ್ಯ ಇನ್ನೊಂದಿದೆ. ಕಿಸಾಗೋತಮಿಯು ಊರಿನ ಮನೆಮನೆಗೂ ಹೋದಳು. ಯೆಹೂದ್ಯ ದುಃಖಿಯ ಬಳಿಗೆ ಊರಿನ ಮನೆಮನೆಯೂ ಬರುತ್ತದೆ. ದಿಕ್ಕು ಬೇರೆ, ದಾರಿ ಒಂದೇ. ಒಬ್ಬಂಟಿಯಾಗಿ ಕುಳಿತು ಗೆಲ್ಲಬಹುದಾದ ದುಃಖವಿದಲ್ಲವೆಂದು ಇಬ್ಬರೂ ಕಂಡುಕೊಂಡಿದ್ದರು.

೫. ನಮ್ಮ ನಾಡಿನಲ್ಲಿ

ಬೆಂಗಳೂರಿನ ಮೈಸೂರು ರಸ್ತೆಯ ಕಡೆ ಯೆಹೂದ್ಯರ ಒಂದು ಚಿಕ್ಕ ಸ್ಮಶಾನಭೂಮಿ ಇದೆ. ಅವರ ಸಂಖ್ಯೆ ನಮ್ಮಲ್ಲಿ ಎಂದೂ ದೊಡ್ಡದಾಗಿರಲಿಲ್ಲ. ಬೌದ್ಧಧರ್ಮದ ಸಂಬಂಧವಾದರೋ ಮಸ್ಕಿ, ಸನ್ನತಿಗಳ ಅಶೋಕನ ಶಾಸನಗಳಷ್ಟು ಹಳೆಯದು. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಅವರು ಬೌದ್ಧಧರ್ಮವನ್ನು ಸ್ವೀಕರಿಸಿ ತಮ್ಮ ಅನುಯಾಯಿಗಳಿಗೆ ಬೋಧಿಸಿದ ೨೨ ಪ್ರತಿಜ್ಞೆಗಳಲ್ಲಿ, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲವೆಂಬುದೂ ಒಂದು. ಇದು ಕೇವಲ ವಿಧಿಯ ಮಾತಲ್ಲ. ಸಾವಿನ ಮನೆಯಲ್ಲಿ ಮೇಲುಕೀಳುಗಳನ್ನೂ ವೆಚ್ಚವನ್ನೂ ಹೊರಿಸುವ ವ್ಯವಸ್ಥೆಯಿಂದ ಬಿಡುಗಡೆಯ ಮಾತೂ ಹೌದು. ತಿಥಿಯ ಊಟಕ್ಕಾಗಿ ಸಾಲಮಾಡಿ, ಆ ಸಾಲವನ್ನು ಮಕ್ಕಳ ಹೆಗಲಿಗೆ ಬಿಟ್ಟ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇಲ್ಲದಿಲ್ಲ. ಗಮ್ಲಿಯೇಲನಂತೆ ಮೊದಲು ಹೆಜ್ಜೆಯಿಡಬೇಕಾದವರು ಉಳ್ಳವರು; ಬಡವನೊಬ್ಬನೇ ಸರಳವಾಗಿ ನಡೆದರೆ ಜನ ಅದನ್ನು ಸರಳತೆಯೆನ್ನುವುದಿಲ್ಲ, ಇಲ್ಲದತನವೆನ್ನುತ್ತಾರೆ.

ಹಾಗೆಂದು ನಮ್ಮ ಹಳ್ಳಿಗಳಲ್ಲಿ ಕಲಿಯಬೇಕಾದುದು ಏನೂ ಇಲ್ಲವೆಂದಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಅನ್ನ ಸಾರು ತರುತ್ತಾರೆ. ನಮ್ಮಜ್ಜಿಗೆ ಅಕ್ಷರ ಬಾರದು. ಕೇರಿಯಲ್ಲಿ ಯಾರಾದರೂ ಹೋದರೆಂದರೆ ಹೋಗಿ ಗೋಡೆಗೊರಗಿ ಕುಳಿತುಬಿಡುವರು. ಸಂಜೆಯವರೆಗೂ ಒಂದು ಮಾತಿಲ್ಲ. ‘ಹೋಗಿ ಏನು ಹೇಳಿದಿರಿ, ಅಜ್ಜಿ?’ ಎಂದು ಕೇಳಿದರೆ, ‘ಹೇಳಾಕೇನೈತಿ, ಕುಂತು ಬಂದೆ’ ಎನ್ನುವರು. ಯೋಬನ ಗ್ರಂಥವನ್ನು ಓದುವಾಗ ನನಗೆ ಅರ್ಥವಾಗದ ಕಠಿಣ ಸ್ಥಳಗಳು ಬಹಳವಿದ್ದವು. ಆ ಏಳು ದಿನಗಳ ಮೌನ ಮಾತ್ರ ಓದಿದೊಡನೆಯೇ ಅರ್ಥವಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪುಸ್ತಕದಲ್ಲಿರುವುದೆಲ್ಲ ಮನೆಯಲ್ಲಿಲ್ಲದ್ದೇ ಎಂಬ ಭಾವನೆ ನಮ್ಮಂಥವರಿಗೆ ಬರುವುದುಂಟು. ಈ ವಿಷಯದಲ್ಲಿ ಹಾಗಲ್ಲವೆಂದು ಕಂಡು ಸಂತೋಷವಾಯಿತು.

೬. ಉಪಸಂಹಾರ

‘ಎಲ್ಲ ಧರ್ಮಗಳ ಸಾರವೂ ಒಂದೇ’ ಎಂದು ಹೇಳಿ ಇಂಥ ಲೇಖನಗಳನ್ನು ಮುಗಿಸುವುದು ಸುಲಭ. ಆದರೆ ಬೌದ್ಧ ಮತ್ತು ಯೆಹೂದ್ಯ ದೃಷ್ಟಿಗಳು ಒಂದೇ ಅಲ್ಲ; ಒಂದೆಂದು ಹೇಳಿದರೆ ಇಬ್ಬರ ವೈಶಿಷ್ಟ್ಯವೂ ಮರೆಯಾಗುವುದು. ಶೋಕವೇಕೆ ಎಂಬ ಪ್ರಶ್ನೆಗೆ ಬುದ್ಧನಷ್ಟು ಆಳಕ್ಕೆ ಇಳಿದವರು ವಿರಳ. ಶೋಕಿಸುವವನೊಡನೆ ಹೇಗಿರಬೇಕೆಂಬ ಪ್ರಶ್ನೆಗೆ ಯೆಹೂದ್ಯ ರಬ್ಬಿಗಳಷ್ಟು ವಿವರವಾಗಿ ಉತ್ತರ ಕೊಟ್ಟವರೂ ವಿರಳ.

ಈ ಎರಡನೆಯ ಪ್ರಶ್ನೆ ನಮಗೆ ದೂರದ್ದಲ್ಲ. ಪ್ರತಿ ವರ್ಷವೂ ನಮ್ಮ ವಿದ್ಯಾರ್ಥಿನಿಲಯದಿಂದ ಯಾರೋ ಒಬ್ಬರು ಊರಿನಿಂದ ಸುದ್ದಿ ಬಂದು ಹೊರಡುತ್ತಾರೆ. ಹತ್ತು ಹದಿನೈದು ದಿನಗಳ ಮೇಲೆ ತಲೆ ಬೋಳಿಸಿಕೊಂಡೋ ಹಣೆ ಬರಿದು ಮಾಡಿಕೊಂಡೋ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಕೆಲವರು ‘ಧೈರ್ಯ ತಂದುಕೋ, ಎಲ್ಲರೂ ಒಂದು ದಿನ ಹೋಗುವವರೇ’ ಎನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಬುದ್ಧನೂ ಅದನ್ನು ಮೊದಲ ದಿನವೇ ಹೇಳಲಿಲ್ಲವೆಂಬುದನ್ನು ನೆನಪಿಡಬೇಕು. ಮೊದಲು ಪಕ್ಕದಲ್ಲಿ ಕುಳಿತುಕೊಳ್ಳೋಣ. ಊಟದ ವೇಳೆಗೆ ತಟ್ಟೆಯನ್ನು ತಂದಿಡೋಣ. ತಪ್ಪಿಹೋದ ಪಾಠಗಳ ಟಿಪ್ಪಣಿಯನ್ನು ಬರೆದುಕೊಡೋಣ. ಅವರು ಮಾತು ತೆಗೆದಾಗ ಕೇಳೋಣ. ಕೇಳಿದರೆ ನಮ್ಮ ಮನೆಯ ಸಾವಿನ ಮಾತನ್ನೂ ಹೇಳೋಣ. ಅವರು ಅರಸುತ್ತಿರುವ ಸಾಸಿವೆ ನಮ್ಮ ಮನೆಯಲ್ಲಿಯೂ ಇಲ್ಲವೆಂದು ಅವರಿಗೆ ತಿಳಿಯಲಿ.